ಅಮ್ಮ ಬೆಂಚು ಕುಟ್ಟಿದ್ದು

ನಮ್ಮ ಮನೆಯ ಹಲ್ಲಿಗಳನ್ನು ನಾನು ಓಡಿಸುವುದಿಲ್ಲ. ತಂಗಿ ವನಜ ವಾಮಂಜೂರಿನಿಂದ ಬಂದಾಗಲೆಲ್ಲ ಹಿಡಿಸೂಡಿ ಹಿಡಿದು ಗೋಡೆ ನೋಡುತ್ತಾಳೆ. "ಅಕ್ಕ, ಇದೆಂತ, ಮನೆಯಾ ಹಲ್ಲಿಗಳ ಛತ್ರವಾ?" ಎನ್ನುತ್ತಾಳೆ. ಅವಳು ಹೈಸ್ಕೂಲಿನ ಟೀಚರ್, ಕೇಳುವ ಹಕ್ಕುಂಟು. ಆದರೆ ತಾನು ಟೀಚರ್ ಆದದ್ದೇ ಒಂದು ಹಲ್ಲಿಯ ದಯೆಯಿಂದ ಎಂಬುದನ್ನು ಮಾತ್ರ ಮರೆತವಳಂತೆ ನಟಿಸುತ್ತಾಳೆ.

ಯಾರಾದರೂ ಒಂದು ಮಾತು ಹೇಳಿ ಮುಗಿಸಿದ ಕೂಡಲೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಕೇಳಿದವರು "ಕೃಷ್ಣ ಕೃಷ್ಣ" ಎಂದು ಬೆರಳ ಗೆಣ್ಣಿನಿಂದ ಹತ್ತಿರ ಸಿಕ್ಕಿದ್ದನ್ನು ಮೂರು ಸಲ ಕುಟ್ಟಬೇಕು. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗದ ಕೊನೆಯಲ್ಲಿ ತಲೆಯಿಂದ ಕಾಲಿನವರೆಗೆ ಪಟ್ಟಿ ಉಂಟು. ಆದರೆ ಕುಟ್ಟುವುದನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಅದು ಕೈಗೇ ಗೊತ್ತು. ನಾನು ಹೊರಗೆ ಹೊಲಿಗೆ ಯಂತ್ರದ ಹಲಗೆ ಕುಟ್ಟಿದರೆ ಅಮ್ಮ ಒಳಗೆ ಸೌಟಿನ ಹಿಡಿಯಿಂದ ಕಟ್ಟೆ ಕುಟ್ಟುತ್ತಿದ್ದರು. ಅಮ್ಮ ಹೋಗಿ ಎರಡು ತಿಂಗಳಾಯಿತು. ಈಗಲೂ ನಾನು ಕುಟ್ಟುತ್ತೇನೆ, ಒಂದು ಗಳಿಗೆ ಕಿವಿಗೊಡುತ್ತೇನೆ. ಅಡುಗೆಮನೆ ಸುಮ್ಮನಿರುತ್ತದೆ.

ಅಮ್ಮ ಮಾತಿನವರಲ್ಲ. ನಮ್ಮದು ಅಳಿಯಕಟ್ಟಿನ ಮನೆ. ಅಮ್ಮನ ಅಣ್ಣ, ನಮ್ಮ ಸೋದರಮಾವ ಹೇಳಿದ್ದೇ ಕೊನೆಯ ಮಾತು. ಎಂಟನೆಯ ತರಗತಿಗೆ ಸಾಕು ಎಂದು ಮಾವ ನನ್ನನ್ನು ಶಾಲೆ ಬಿಡಿಸಿದಾಗ ಅಮ್ಮ ಅಕ್ಕಿ ಆರಿಸುತ್ತಿದ್ದರು. ಅವತ್ತು ಊರಿನ ಹಲ್ಲಿಗಳೆಲ್ಲ ಎಲ್ಲಿಗೆ ಹೋಗಿದ್ದವೋ! ಏಳು ವರ್ಷದ ಮೇಲೆ ವನಜ ಎಸ್.ಎಸ್.ಎಲ್.ಸಿ. ಮುಗಿಸುತ್ತ ಬಂದಳು, ಕಾಲೇಜಿಗೆ ಹೋಗಬೇಕೆಂದಳು. "ಎಸ್.ಎಸ್.ಎಲ್.ಸಿ. ಸಾಕು ಮಾರಾಯ್ತಿ," ಎಂದರು ಮಾವ. "ಅದರ ಮೇಲೆ ಓದಿದರೆ ಅವಳಿಗೆ ಗಂಡು ಎಲ್ಲಿಂದ ತರುವುದು? ಆಚಾರಿಗೆ ಹೇಳಿ ಮರದಲ್ಲಿ ಮಾಡಿಸಬೇಕಷ್ಟೆ." ಆಗಲೂ ಅಮ್ಮ ಅಕ್ಕಿ ಆರಿಸುತ್ತಲೇ ಇದ್ದರು.

ಆ ಸಮಯಕ್ಕೆ ಸರಿಯಾಗಿ ರೇಡಿಯೋದವರು ಊರಿಗೆ ಬಂದರು. ಪುರಭವನದಲ್ಲಿ, ಆಹ್ವಾನಿತರ ಎದುರು ಒಂದು ಚರ್ಚೆ. ಅದನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿ ಆಮೇಲೆ ರಾಜ್ಯಕ್ಕೆಲ್ಲ ಕೇಳಿಸುತ್ತಾರಂತೆ. ವಿಷಯ, ಹೆಣ್ಣುಮಕ್ಕಳಿಗೆ ಕಾಲೇಜು ಬೇಕೇ? ಬೇಡವೆಂದು ವಾದಿಸುವ ವಕೀಲರು ಹಂಪನಕಟ್ಟೆಯಲ್ಲಿದ್ದ ಮಾವನ ಹೋಟೆಲಿನ ಖಾಯಂ ಗಿರಾಕಿ. ಮಾವ ನಮ್ಮ ಮೂವರಿಗೂ ಆಹ್ವಾನದ ಕಾರ್ಡು ತಂದರು. "ಬನ್ನಿ, ತಿಳಿದವರ ಬಾಯಿಂದಲೇ ಕೇಳಿ." ವನಜಳ ಮುಖ ಸಣ್ಣದಾಯಿತು.

ಕುಳಿತು ಮಾತು ಕೇಳುವುದು ನಮ್ಮ ಊರಿನವರಿಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕರ್ಣನೂ ಕೃಷ್ಣನೂ ಶಾಲು ಹೊದ್ದು ಕುಳಿತು ವಾದಿಸುತ್ತಾರೆ, ನಾವು ಎಲೆಯಡಿಕೆ ಜಗಿಯುತ್ತ ಕರ್ಣನ ಪಕ್ಷ ವಹಿಸುತ್ತೇವೆ. ಆದರೆ ಅಲ್ಲಿ ನಾವು ತಲೆದೂಗಬಹುದು, "ಭಲೇ" ಎನ್ನಬಹುದು. ಪುರಭವನದಲ್ಲಿ ಉಸಿರಾಡುವುದಕ್ಕೂ ಅಪ್ಪಣೆ ಬೇಕಿತ್ತು. ಸದ್ದು ಬರುತ್ತದೆಂದು ಫ್ಯಾನು ನಿಲ್ಲಿಸಿದರು. ಕನ್ನಡಕದ ಒಬ್ಬರು ವೇದಿಕೆಗೆ ಬಂದು, "ಕೆಮ್ಮು ಇರುವವರು ಈಗಲೇ ಕೆಮ್ಮಿ ಮುಗಿಸಿ" ಎಂದರು. ಕೆಮ್ಮು ಇಲ್ಲದವರೂ ಕೆಮ್ಮಿದರು. ಹೆಂಗಸರ ಬಳೆ ಸದ್ದಾಗಬಾರದು ಎಂದದ್ದಕ್ಕೆ ಅಮ್ಮ ಬಳೆಗಳನ್ನು ಮೊಣಕೈವರೆಗೆ ಏರಿಸಿ ಸೆರಗಿನಿಂದ ಬಿಗಿದರು. ಕೆಂಪು ದೀಪ ಹತ್ತಿತು. ಮಂಗಳೂರಿನ ಮೇ ತಿಂಗಳ ಬೆವರು ಮಾತ್ರ ಅಪ್ಪಣೆ ಕೇಳದೆ ಇಳಿಯತೊಡಗಿತು.

ವಕೀಲರು ಚೆನ್ನಾಗಿಯೇ ಮಾತಾಡಿದರು. ಒಂದೊಂದು ವಾಕ್ಯಕ್ಕೂ ಮಾವ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದರು. ಮಾತಾಡುವಂತಿಲ್ಲವಲ್ಲ, ಹುಬ್ಬಿಗೇ ಎಲ್ಲ ಕೆಲಸ. ಆಮೇಲೆ ಒಬ್ಬ ಕ್ರಿಶ್ಚಿಯನ್ ಟೀಚರ್ ಎದ್ದರು. ಕೊಂಕಣಿ ರಾಗದ ಕನ್ನಡ, ಮೆಲ್ಲಗಿನ ದನಿ. "ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಹುಡುಗಿ ಓದಿದ್ದರಿಂದ ಮನೆ ಮುರಿಯಿತು ಅಂತ ನಾನು ಒಂದು ಮನೆಯನ್ನೂ ನೋಡಲಿಲ್ಲ," ಎಂದು ನಿಲ್ಲಿಸಿದರು.

ಆ ಮೌನದಲ್ಲಿ, ವೇದಿಕೆಯ ಹಿಂದಿನ ಗೋಡೆಯಿಂದ, ಲೊಚ್ ಲೊಚ್ ಲೊಚ್.

ನನ್ನ ಪಕ್ಕದಲ್ಲೇ ಟಕ್ ಟಕ್ ಟಕ್ ಎಂದಿತು. ಅಮ್ಮ! ಬಳೆ ಬಿಗಿದ ಕೈಯೇ ಬೆಂಚು ಕುಟ್ಟಿತ್ತು. ಹಿಂದಿನ ಸಾಲಿನ ಅಜ್ಜಿ ಕುಟ್ಟಿದರು. ಆಮೇಲೆ ಇಡೀ ಸಭೆಯೇ ಕುಟ್ಟಿತು, ನೂರಾರು ಬೆರಳು, ಆಚಾರಿಗಳ ಕೊಟ್ಟಿಗೆಯಲ್ಲಿ ಸುತ್ತಿಗೆ ಬಿದ್ದ ಹಾಗೆ. ನಾನು ಮಾವನನ್ನು ನೋಡಿದೆ. ಅವರ ಬಲಗೈ ಬೆಂಚಿನ ಮೇಲಿತ್ತು. ಮೂರನೆಯ ಕುಟ್ಟು ಮುಗಿಸಿ, ಇದು ಯಾರ ಕೈ ಎಂಬಂತೆ ಅದನ್ನೇ ನೋಡುತ್ತಿದ್ದರು.

ಕನ್ನಡಕದವರು ಓಡಿ ಬಂದು ತಲೆ ಚಚ್ಚಿಕೊಂಡರು. "ಇದನ್ನೆಲ್ಲ ಕತ್ತರಿಸಿ ತೆಗೀತೀವಿ" ಎಂದರು. ಮನೆಗೆ ನಡೆಯುವ ದಾರಿಯಲ್ಲಿ ಅಮ್ಮ ತಲೆಯೆತ್ತಲಿಲ್ಲ. ಆದರೆ ಬಾಯಿ ತೆರೆದರು.

"ನೀನೂ ಕುಟ್ಟಿದಿ ಅಲ್ಲವಾ, ಅಣ್ಣ?"

"ಅದು ಅಭ್ಯಾಸ, ಮಾರಾಯ್ತಿ."

"ಸತ್ಯಕ್ಕೆ ಕುಟ್ಟುವ ಅಭ್ಯಾಸ ಒಳ್ಳೆಯದೇ."

ಮಾವ ದಾರಿಯಲ್ಲೇ ನಿಂತರು. ತಂಗಿ ತನಗೆ ಉತ್ತರ ಕೊಟ್ಟದ್ದು ಅವರಿಗೆ ಹೊಸತು. "ಕತ್ತರಿಸುತ್ತಾರೆಂದು ಹೇಳಿದರಲ್ಲ," ಎಂದರು. "ಕತ್ತರಿಸಿದ ಮೇಲೆ ಅದು ಆದದ್ದೇ ಅಲ್ಲ. ರೇಡಿಯೋದಲ್ಲಿ ಹಲ್ಲಿ ಬಂದರೆ ಕಾಲೇಜಿನ ಮಾತು ನೋಡುವಾ." ಹೀಗೆ ವನಜಳ ಕಾಲೇಜು ಕಾಣದ ಊರಿನ, ಕಾಣದ ಒಂದು ಕತ್ತರಿಯ ಬಾಯಿಗೆ ಸಿಕ್ಕಿಕೊಂಡಿತು. ವನಜ ಎರಡು ವಾರ ಸರಿಯಾಗಿ ಉಣ್ಣಲಿಲ್ಲ.

ಪ್ರಸಾರದ ಸಂಜೆ ಹೋಟೆಲಿನ ಅಡುಗೆಕೋಣೆಯ ಬಾಗಿಲ ಹಿಂದೆ ನಾವು ಮೂವರು ನಿಂತೆವು. ಹೊರಗೆ ಗಿರಾಕಿಗಳು, ಬನ್ಸು, ಚಹಾ, ಕಪಾಟಿನ ಮೇಲೆ ರೇಡಿಯೋ, ಅದರ ಕೆಳಗೆ ಕೈಕಟ್ಟಿ ಮಾವ. ವಕೀಲರು ಬಂದು ಹೋದರು. ಟೀಚರ ದನಿ ಬಂತು. "ಒಂದು ಮನೆಯನ್ನೂ ನೋಡಲಿಲ್ಲ." ವನಜ ನನ್ನ ತೋಳು ಹಿಂಡಿದಳು.

ಲೊಚ್ ಲೊಚ್ ಲೊಚ್.

ಮೊದಲು ಒಬ್ಬರೇ, ಟಕ್ ಟಕ್ ಟಕ್. ಅದು ಅಮ್ಮ. ಆಮೇಲೆ ಸಭೆ. ಕತ್ತರಿ ಹಿಡಿದವರಿಗೆ ಮನಸ್ಸು ಬರಲಿಲ್ಲವೋ, ಅವರ ಕೈಯೂ ಕುಟ್ಟುವುದರಲ್ಲಿ ತೊಡಗಿತ್ತೋ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ರೇಡಿಯೋದ ಹಲ್ಲಿಗೆ ಹೋಟೆಲಿನ ಗಿರಾಕಿಗಳೂ ಕೈಯಲ್ಲಿದ್ದ ಬನ್ಸು ಬಿಟ್ಟು ಮೇಜು ಕುಟ್ಟಿದರು, ಗ್ಲಾಸುಗಳು ಕುಣಿದವು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿ, ಮೈ ಕುಲುಕಿಸಿ ನಕ್ಕರು. ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮರುದಿನ ಮಾವ ಕಾಲೇಜಿನ ಫಾರ್ಮನ್ನು ತಂದು ವನಜಳ ಮುಂದಿಟ್ಟರು. "ಹಿಡಿ. ರಾಜ್ಯದ ಹಲ್ಲಿಗಳನ್ನೆಲ್ಲ ಎದುರು ಹಾಕಿಕೊಳ್ಳಲು ನನ್ನಿಂದ ಆಗುವುದಿಲ್ಲ."

ನನಗೆ ಹೊಟ್ಟೆಕಿಚ್ಚು ಆಗಲಿಲ್ಲವಾ? ಸ್ವಲ್ಪ ಆಯಿತು. ಫಾರ್ಮಿನಲ್ಲಿ ವನಜ ಹೆಸರು ಬರೆಯುವಾಗ ಶಾಯಿ ಆರಲೆಂದು ಅಮ್ಮ ಬೀಸಣಿಗೆ ಬೀಸಿದರು, ಇನ್ನೊಂದು ಕೈಯಿಂದ ನನ್ನ ಕೈ ಹಿಡಿದುಕೊಂಡೇ ಇದ್ದರು. ಅಷ್ಟರಲ್ಲಿ ಕಿಚ್ಚು ಆರಿತು.

ಈಚೆಗೆ ಅಮ್ಮ ಹೋದಾಗ, ಬೊಜ್ಜದ ದಿನ, ಕರ್ಮಾಂತರ ಮುಗಿದು ಬಂದವರೆಲ್ಲ ಉಂಡು ಜಗಲಿಯಲ್ಲಿ ಕುಳಿತಿದ್ದರು. ಮಾವನಿಗೆ ಈಗ ಕೋಲು ಬೇಕು. ಕಣ್ಣೊರೆಸಿಕೊಂಡು ನೆಂಟರಿಗೆ ಹೇಳುತ್ತಿದ್ದರು, "ಪಾಪದವಳು. ಜೀವಮಾನದಲ್ಲಿ ಒಂದು ದಿನ ನನಗೆ ಎದುರು ಮಾತಾಡಿದವಳಲ್ಲ."

ತೊಲೆಯ ಮೇಲಿಂದ ಲೊಚ್ ಲೊಚ್ ಲೊಚ್.

ಎಲ್ಲರ ಬೆರಳೂ ಮೇಲೆದ್ದವು. ಮಾವನದೂ ಎದ್ದಿತು, ಬೆಂಚಿನ ಹತ್ತಿರ ಬಂತು, ಅಲ್ಲಿಯೇ ನಿಂತಿತು. ಅವರು ನನ್ನನ್ನು ನೋಡಿದರು, ವನಜಳನ್ನು ನೋಡಿದರು, ಮೆಲ್ಲಗೆ ಕೈ ಮಡಚಿ ಮಡಿಲಲ್ಲಿಟ್ಟುಕೊಂಡರು.

"ಇಲ್ಲ," ಎಂದರು ತೊಲೆಯನ್ನು ನೋಡಿ. "ಇದಕ್ಕೆ ನಾನು ಕುಟ್ಟುವುದಿಲ್ಲ. ಅವತ್ತು ಪುರಭವನದಿಂದ ಬರುವ ದಾರಿಯಲ್ಲಿ ನೀನು ಇರಲಿಲ್ಲ, ನಿನಗೆ ಗೊತ್ತಿಲ್ಲ."