ಹಾಡಿನ ನಡುವೆ ಎಬ್ಬಿಸಿದ್ದು

ತೊಂಬತ್ತರ ದಶಕದ ನಡುವಿನ ಮಾತು. ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೆ. ಅಕ್ಕನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಭಾವನದು ಅಲ್ಲಿ ಈರುಳ್ಳಿ ಮಂಡಿ. ಅವರ ತಂಗಿಯ ಮದುವೆಗೆ ಸೀರೆ ತೆಗೆಯಲು ಒಂದು ಭಾನುವಾರ ಮೂವರೂ ಮೈಸೂರಿಗೆ ಹೋಗಿದ್ದೆವು.

ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರು ಮೊದಲೇ ಹೇಳಿದ್ದರು. ಮೈಸೂರಿನಲ್ಲಿ ಅವರ ಅಣ್ಣನ ಮನೆಯ ಮಹಡಿಯಲ್ಲಿ ಅವತ್ತು ಒಬ್ಬಳು ಹುಡುಗಿ ಗಿಟಾರ್ ಹಿಡಿದು ಹಾಡುತ್ತಾಳಂತೆ, ಬರೆಯುವವಳೂ ರಾಗ ಹಾಕುವವಳೂ ಅವಳೇ ಅಂತೆ, ಬಿಡುವಾದರೆ ಹೋಗಿ ಎಂದು. ಸೀರೆ ಕೆಲಸ ಬೇಗ ಮುಗಿಯಿತು. ಹೋಗೋಣ ಎಂದವಳು ಅಕ್ಕನೇ. ಭಾವ ಗೊಣಗುತ್ತಲೇ ಬಂದರು.

ಜಮಖಾನದ ಮೇಲೆ ಒತ್ತೊತ್ತಾಗಿ ಕೂತ ಜನ. ಮೈಕಿಲ್ಲ, ತಬಲವಿಲ್ಲ. ಬಣ್ಣ ಮಾಸಿದ ಚೂಡಿದಾರ್ ತೊಟ್ಟ ಆ ಹುಡುಗಿ ನಮ್ಮ ಎದುರಿಗೇ ಕೂತು, ಪಕ್ಕದಲ್ಲಿ ಮಾತಾಡುವಷ್ಟು ಮೆಲ್ಲಗೆ ಹಾಡುತ್ತಿದ್ದಳು. ಒಂದು ಹಾಡು ಎಸ್‌ಟಿಡಿ ಬೂತಿನದು. ಹಾಸ್ಟೆಲಿನ ಹುಡುಗಿಯೊಬ್ಬಳು ಅಮ್ಮನಿಗೆ ಏನೋ ಹೇಳಬೇಕೆಂದು ಫೋನ್ ಮಾಡುತ್ತಾಳೆ. ಊಟ ಆಯಿತಾ, ಮಳೆ ಬಂತಾ ಎಂದಷ್ಟೇ ಕೇಳಿ ಇಡುತ್ತಾಳೆ. ಮತ್ತೆ ಮಾಡುತ್ತಾಳೆ. ಅಕ್ಕ ಸೀರೆಯ ಕವರನ್ನು ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿದಳು. ಮದುವೆಯಾದ ಮೇಲೆ ಅವಳು ಯಾವುದನ್ನಾದರೂ ಅಷ್ಟು ಆಸೆಯಿಂದ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಭಾವನಿಗೆ ಆಕಳಿಕೆ. ಪಕ್ಕದವರೊಡನೆ ಈರುಳ್ಳಿ ರೇಟಿನ ಮಾತು ಶುರು ಮಾಡಿದರು. ಒಂದಿಬ್ಬರು ತಿರುಗಿ ನೋಡಿದ್ದೇ ಅವರಿಗೆ ಅವಮಾನವಾಯಿತೇನೋ, ಹಾಡಿನ ಮಧ್ಯೆಯೇ ಎದ್ದು ನಿಂತರು.

"ಏಳು, ಓಗನ. ಬಸ್ ತಪ್ಪೋಯ್ತದೆ."

ಬಸ್ಸುಗಳು ಬೇಕಾದಷ್ಟಿದ್ದವು. ಅಕ್ಕ ಏಳಲಿಲ್ಲ. ಭಾವ ಬಗ್ಗಿ ಅವಳ ತೋಳು ಹಿಡಿದು ಎಳೆದರು. ಗಿಟಾರ್ ನಿಂತಿತು. ಇನ್ನು ಸ್ವಲ್ಪವೇ ಇದೆ ಸಾರ್, ಕೂತುಕೊಳ್ಳಿ ಎಂದು ಹುಡುಗಿ ಮೆತ್ತಗೆ ಕೇಳಿಕೊಂಡಳು.

"ನಿಂಗೆ ಯೋಳೋರು ಕೇಳೋರು ಇಲ್ಲ ಅಂತ ನನ್ ಎಂಡ್ರುನ್ನೂ ಕೂರುಸ್ಕೋಬ್ಯಾಡ" ಎಂದರು ಭಾವ.

ಆ ಹುಡುಗಿಯ ಮುಖ ಕೆಂಪಾಯಿತು. ಅಕ್ಕ ತಲೆ ತಗ್ಗಿಸಿ ಎದ್ದಳು, ಹಿಂದೆಯೇ ನಾನೂ ಎದ್ದೆ. ಮೆಟ್ಟಿಲ ಹತ್ತಿರ ಮನೆಯ ಯಜಮಾನಿ, ಹಳ್ಳಿ ಕಡೆಯವರನ್ನು ಕರೆದರೆ ಹೀಗೇ ಆಗುವುದು ಎಂದು ಯಾರಿಗೋ ಹೇಳುತ್ತಿದ್ದಳು, ನಮಗೆ ಕೇಳಲಿ ಎಂದೇ. ಭಾವನ ಜೊತೆಗೆ ಆ ಯಜಮಾನಿಯ ಕೆನ್ನೆಗೂ ಒಂದು ಬಿಡಬೇಕೆನಿಸಿತು.

ಬಸ್ಸಿನಲ್ಲಿ ಭಾವ ಏನೂ ಆಗದವರ ಹಾಗೆ ಬಾಳೆಹಣ್ಣು ಸುಲಿದು ಕೊಟ್ಟರು. ನಾನು ಮುಟ್ಟಲಿಲ್ಲ. ನೀವು ಇವತ್ತು ಮಾಡಿದ್ದು ಹೇಸಿಗೆ ಕೆಲಸ ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. ಅವರು ನಕ್ಕು, ಓದಿದ ಹೆಣ್ಣಿಗೆ ಬಾಯಿ ಜಾಸ್ತಿ ಎಂದರು. ಸುಮ್ಮನಿರು ಎಂದು ಅಕ್ಕ ನನಗೇ ಹೇಳಿದಳು. ನಾನು ಆ ರಾತ್ರಿ ಅವರ ಮನೆಯಲ್ಲೇ ಉಳಿದು ಹೋಗುವುದೆಂದು ಮಾತಾಗಿತ್ತು. ನಾನು ನಂಜನಗೂಡಿನಲ್ಲೇ ಇಳಿದು ಚಾಮರಾಜನಗರದ ಬಸ್ಸು ಹತ್ತಿದೆ.

ಆ ಮದುವೆಗೂ ಹೋಗಲಿಲ್ಲ. ಸಂಬಂಧ ಕೆಡಿಸುತ್ತೀಯಾ ಎಂದು ಅಪ್ಪ ಬೈದರು. ಕೆಟ್ಟರೆ ಕೆಡಲಿ ಎಂದೆ.

ಕೊನೆಗೆ ಅಕ್ಕನೇ ಒಂದು ದಿನ ನನ್ನ ರೂಮಿಗೆ ಬಂದಳು. ಭಾವನ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಅವಳ ಮುಂದೆ ಸುರಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವ್ರು ಅಂಗೇ ಅಂತ ನಂಗೊತ್ತು. ನಂಗೆ ಕ್ವಾಪ ಇರಾದು ನಿನ್ ಮ್ಯಾಲೆ ಕಣಮ್ಮಿ" ಎಂದಳು. "ನಿನ್ನೇನು ಅವ್ರು ಎಳುದ್ರಾ? ನೀನ್ಯಾಕೆ ಎದ್ದು ಬಂದೆ? ಕೂತ್ಕಂಡು ಕೇಳಿದ್ರೆ ಮಿಕ್ಕಿದ್ದ ನಂಗೆ ಬಂದು ಯೋಳ್ಬೋದಾಗಿತ್ತು."

ನಿನಗೋಸ್ಕರವೇ ಎದ್ದಿದ್ದು ಎಂದು ರೇಗಿದೆ. ನಾನೇನು ಎದ್ದು ಬಾ ಅಂದಿದ್ದೆನಾ ಎಂದು ಅವಳೂ ರೇಗಿದಳು. ಮಾಡಿಟ್ಟ ಕಾಫಿ ಇಬ್ಬರೂ ಕುಡಿಯಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಅವಳು ಗುಂಡ್ಲುಪೇಟೆಗೆ ಹೊರಟುಹೋದಳು, ನಾನು ಸ್ಟ್ಯಾಂಡಿನವರೆಗೂ ಹೋಗಲಿಲ್ಲ.