ಎಡಗೋಲು ಯಾವುದು

ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಓಡಾಟ. ನನಗೆ ಕೆಲಸ ಬರುತ್ತದೆ, ತಾಳ್ಮೆ ಬರುವುದಿಲ್ಲ; ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮಲ್ಲಿ ಎರಡು ಸರ್ವರ್‌ಗಳು ಮೇಜಿನ ಮೇಲೆ ಅಕ್ಕಪಕ್ಕ ನಿಂತಿವೆ. ನಡುವೆ ಎರಡಕ್ಕೂ ಸೇರಿದ ಒಂದು ಡಿಸ್ಕ್ ಪೆಟ್ಟಿಗೆ. ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದು ಅದೇ ಡಿಸ್ಕ್ ಹಿಡಿದು ಕೆಲಸ ಮುಂದುವರಿಸುತ್ತದೆ. ಅವು ಬಂದ ದಿನ ಇದನ್ನು ನಮ್ಮ ಎಲೆಕ್ಟ್ರಿಷಿಯನ್‌ಗೆ ವಿವರಿಸಿದ್ದೆ. ಅವರು ಕೋರದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅಣ್ಣ ಅನ್ನುತ್ತೇನೆ.

"ಅಂಗಾದ್ರೆ ಜೋಡೆತ್ತು ಕಣಮ್ಮ. ಒಂದು ಎಡಗೋಲು, ಒಂದು ಬಲಗೋಲು" ಎಂದು ನಕ್ಕರು. ನೊಗದ ಎಡಕ್ಕೆ ಕಟ್ಟುವ ಎತ್ತು, ಬಲಕ್ಕೆ ಕಟ್ಟುವ ಎತ್ತು. ಹೆಸರು ನಿಂತುಬಿಟ್ಟಿತು. ಎರಡು ವರ್ಷ ಹಾಗೇ ಕರೆದೆವು. ಯಂತ್ರಗಳ ಮೇಲೆ ಚೀಟಿ ಅಂಟಿಸುವ ಗೋಜಿಗೆ ನಾನು ಹೋಗಲಿಲ್ಲ.

ಬ್ಯಾಕಪ್‌ಗೆಂದು ಟೇಪ್ ಡ್ರೈವ್ ತರಿಸಿದೆವು. ಅದನ್ನು ಡಿಸ್ಕ್ ಪೆಟ್ಟಿಗೆಯ ಕೇಬಲ್‌ಗೆ ಸೇರಿಸುವಂತಿಲ್ಲ. ಒಂದು ಸರ್ವರನ್ನು ಆಫ್ ಮಾಡಿ, ಅದರ ಸ್ವಂತ ಕಾರ್ಡಿಗೇ ಸಿಕ್ಕಿಸಬೇಕು. ಹಿಂದಿನ ಸಂಜೆ ಎಡಗೋಲಿನ ಕೆಲಸವನ್ನೆಲ್ಲ ಬಲಗೋಲಿಗೆ ಸರಿಸಿ, ಎಡಗೋಲು ಮತ್ತೆ ಕೆಲಸ ಹಿಡಿಯದಂತೆ ತಡೆದು ಬಂದಿದ್ದೆ. ಡ್ರೈವ್ ಬಂದದ್ದು ಮಾರನೇ ಬೆಳಿಗ್ಗೆ. ಅಷ್ಟು ಹೊತ್ತಿಗೆ ನಾನು ರಜೆ ಹಾಕಿ, ಅಮ್ಮನ ಪಹಣಿ ತಿದ್ದುಪಡಿಗೆಂದು ಕುಣಿಗಲ್ ತಾಲೂಕು ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಒಂದು ದಿನ ಕಾದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಫೋನ್ ಮಾಡಿದೆ.

"ಅಣ್ಣ, ಎಡಗೋಲು ಆಫ್ ಮಾಡಿ, ಟೇಪಿನ ಕೇಬಲ್ ಸಿಕ್ಸಿ."

"ಎಡಗೋಲೇ ತಾನೆ?"

"ಎಷ್ಟ್ ಸಲ ಹೇಳ್ಲಿ ಅಣ್ಣ? ಎಡಗೋಲು!"

ಐದು ನಿಮಿಷದಲ್ಲಿ ಇಡೀ ಕಾರ್ಖಾನೆಯ ಕಂಪ್ಯೂಟರ್‌ಗಳು ನಿಂತವು. ಆಫ್ ಆಗಿದ್ದು ಬಲಗೋಲು. ಗೇಟಿನಲ್ಲಿ ತೂಕದ ಚೀಟಿ ಬರದೆ ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದವು. ಡಿಸ್ಕ್ ಪರೀಕ್ಷೆ ಮುಗಿದು ಎಲ್ಲ ಮತ್ತೆ ಏಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದರು.

"ನಾನು ಎಡಗಡೇದು ಅಂತ್ಲೇ ಹೇಳಿದ್ದೆ ಸರ್. ಅವ್ರು ಬಲಗಡೇದು ಆಫ್ ಮಾಡಿದಾರೆ" ಅಂದೆ. ನನ್ನ ಲೆಕ್ಕದಲ್ಲಿ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಣ್ಣನ ಕಾಂಟ್ರ್ಯಾಕ್ಟ್ ಆ ತಿಂಗಳಿಗೆ ಮುಗಿಯುವುದಿತ್ತು. ಇನ್ನು ಮುಂದುವರಿಸುವುದಿಲ್ಲ ಎಂದು ಅವತ್ತೇ ಅವರಿಗೆ ಹೇಳಿದರಂತೆ.

ಮಾರನೇ ದಿನ ಹೋದವಳೇ ಅವರ ಮೇಲೆ ಹರಿಹಾಯ್ದೆ. "ಎಡ ಬಲ ಗೊತ್ತಾಗಲ್ವಾ ನಿಮ್ಗೆ?"

ಅವರು ಜಗಳಕ್ಕೆ ಬರಲಿಲ್ಲ. ನನ್ನನ್ನು ಮೇಜಿನ ಹಿಂದೆ, ಕೇಬಲ್‌ಗಳ ಹತ್ತಿರ ಕರೆದುಕೊಂಡು ಹೋದರು.

"ನೇಗ್ಲು ಹಿಡ್ದೋನು ಎತ್ತಿನ ಮುಂದೆ ನಿಂತ್ಕತ್ತಾನೇನಮ್ಮ? ಹಿಂದೆ ತಾನೆ? ಈಗ್ ಹೇಳು, ಎಡಗೋಲು ಯಾವ್ದು?"

ನೋಡಿದೆ. ಎರಡು ವರ್ಷ ನಾನು ಮುಂದೆ ಕುಳಿತು ಎಡಗೋಲು ಅಂದದ್ದೆಲ್ಲ ಅವರಿಗೆ ಬಲಗೋಲು. ಕೇಬಲ್ ಸಿಕ್ಕಿಸುವ ಕೆಲಸ ಇರುವುದೇ ಹಿಂದೆ. ಅವರು ನಿಲ್ಲಬೇಕಾದಲ್ಲೇ ನಿಂತಿದ್ದರು.

"ನಿನ್ನೆನೇ ಮ್ಯಾನೇಜರ್‌ಗೆ ಹೇಳ್ಬೋದಿತ್ತಲ್ಲ ಅಣ್ಣ?"

"ನಿನ್ ಮೇಲೆ ನಾನ್ಯಾಕೆ ಹೇಳ್ಲಿ? ನೀನೇ ಬಂದು ಏನಾಯ್ತು ಅಂತ ಕೇಳ್ತೀಯ ಅಂತ ಕಾದೆ. ಕೇಳ್ನಿಲ್ಲ, ಬೈದೆ."

ನೇರ ಮ್ಯಾನೇಜರ್ ಕೋಣೆಗೆ ಹೋಗಿ, ತಪ್ಪು ನನ್ನದು ಅಂದೆ.

"ಎಡ ಅಂದ್ರೆ ಎಡ ಅಲ್ವೇನ್ರೀ?" ಅಂದರು.

ಬಾಯಲ್ಲಿ ಹೇಳಿದರೆ ಅವರ ತಲೆಗೆ ಹೋಗುವ ಹಾಗಿರಲಿಲ್ಲ. ಕರೆತಂದು ಮೊದಲು ಮೇಜಿನ ಮುಂದೆ ನಿಲ್ಲಿಸಿದೆ, ಆಮೇಲೆ ಹಿಂದೆ. ಅವರು ತಮ್ಮ ಎರಡೂ ಕೈ ನೋಡಿಕೊಂಡು, "ಬರ್ದ್ ಕೊಡಿ" ಅಂದರು. ಬರೆದುಕೊಟ್ಟೆ. ನನಗೊಂದು ನೋಟಿಸ್ ಬಂತು. ಅಣ್ಣನ ಕಾಂಟ್ರ್ಯಾಕ್ಟ್ ಮುಂದುವರಿಯಿತು.

ಆ ಸಂಜೆ ಇಬ್ಬರೂ ಸೇರಿ ಟೇಪ್ ಡ್ರೈವ್ ಸಿಕ್ಕಿಸಿದೆವು. ಚೀಟಿ ಅಂಟಿಸಲು ನಾನು ಪೆನ್ನು ತೆಗೆದೆ.

"ಅಣ್ಣ, ಯಾವುದಕ್ಕೆ ಎಡಗೋಲು ಅಂತ ಬರೀಲಿ?"

ಅವರು ಕೇಬಲ್ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. "ಯಾವ್ದಕ್ಕಾದ್ರೂ ಬರ್ಕೊ. ಕೇಳಿದ್ಯಲ್ಲ, ಸಾಕು ಬುಡು" ಅಂದರು.