ಚೌಕಟ್ಟಿನಾಚೆಯ ಹೇಸರಗತ್ತೆ

ಅಪ್ಪನ ಸೈನ್ಯದ ಕಾಲದ ಫೋಟೋ ನನ್ನ ಹತ್ತಿರ ಇದ್ದದ್ದು ಒಂದೇ. ಸಮವಸ್ತ್ರ ತೊಟ್ಟು ನೆಟ್ಟಗೆ ನಿಂತಿದ್ದಾರೆ, ಬಲಗೈಯನ್ನು ಪಕ್ಕಕ್ಕೆ ಚಾಚಿ ಯಾವುದರ ಮೇಲೋ ಇಟ್ಟಿದ್ದಾರೆ. ಯಾವುದರ ಮೇಲೆ ಎನ್ನುವುದು ಕಾಣುವುದಿಲ್ಲ, ಏಕೆಂದರೆ ಆ ಭಾಗವನ್ನು ನಾನೇ ಕತ್ತರಿ ಹಿಡಿದು ಕತ್ತರಿಸಿ ಎಸೆದಿದ್ದೆ. ಅಲ್ಲಿದ್ದದ್ದು ಒಂದು ಹೇಸರಗತ್ತೆ.

ಅಪ್ಪ ಮಂಡ್ಯ ಕಡೆಯವರು. ಗಾಡಿ ಹೋಗದ ಹಿಮದ ಬೆಟ್ಟಗಳಿಗೆ ಹೇಸರಗತ್ತೆಗಳ ಮೇಲೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೇರಿಕೊಂಡು ಹೋಗುವ ಕೆಲಸವನ್ನು ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಮಾಡಿದರು. ಇದು ಶಾಲೆಯಲ್ಲಿ ಗೊತ್ತಾದ ದಿನದಿಂದ ನಾನು ತರಗತಿಯೊಳಗೆ ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿನಿಂದ ಕತ್ತೆ ಅರಚುತ್ತಿತ್ತು. ಮೇಷ್ಟರೂ ಒಮ್ಮೆ ನನ್ನ ಲೆಕ್ಕ ತಪ್ಪಿದಾಗ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಕ್ಕಿದ್ದರು. ಹೈಸ್ಕೂಲಿಗೆ ಮೈಸೂರಿನ ಹಾಸ್ಟೆಲ್ ಸೇರಿದಾಗ ಅಪ್ಪನಿಗೆ ನಾನೇ ಬಡ್ತಿ ಕೊಟ್ಟೆ. ಅವರು ಅಶ್ವದಳದವರಾದರು. ಫೋಟೋಗೆ ಕತ್ತರಿ ಬಿದ್ದದ್ದೂ ಆಗಲೇ. ನರ್ಸಿಂಗ್ ಓದಿ ನ್ಯೂಜಿಲೆಂಡಿಗೆ ಬಂದಾಗ ಸಾಮಾನಿನ ಜೊತೆ ಆ ಸುಳ್ಳೂ ವಿಮಾನ ಹತ್ತಿತು.

ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ಕ್ರೈಸ್ಟ್‌ಚರ್ಚ್ ಊರೊಳಗೆ ಬಾಡಿಗೆಗೆ ಮನೆ ಸಿಗುವುದೇ ಕಷ್ಟ. ಆಸ್ಪತ್ರೆಯಿಂದ ನಲವತ್ತು ನಿಮಿಷ ದೂರದಲ್ಲಿ, ಬೆಟ್ಟದ ಕಡೆಯ ಒಂದು ಫಾರ್ಮಿನ ಹಿತ್ತಲ ಮನೆಯಲ್ಲಿ ನಾನಿದ್ದೆ. ಮಾಲೀಕರು ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಬೇಟೆ ಅವರಿಗೆ ಹುಚ್ಚಲ್ಲ, ಒಂದು ಬಗೆಯ ವ್ರತ. ಗಂಡು ಜಿಂಕೆಗಳು ಬೆದೆಗೆ ಬಂದು ಕೂಗುವ ಏಪ್ರಿಲ್ ತಿಂಗಳಲ್ಲಿ, ಹೆಂಡತಿಯ ಜೊತೆ ಹೋಗುತ್ತಿದ್ದ ಅದೇ ಕಣಿವೆಗೆ ಹೋಗಿ, ಅದೇ ತಗಡಿನ ಗುಡಿಸಲಲ್ಲಿ ಉಳಿದು, ಒಂದೇ ಒಂದು ಜಿಂಕೆ ಹೊಡೆದು ಮಾಂಸ ತರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೂ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆದರೆ ಆ ವರ್ಷದ ಜನವರಿಯಲ್ಲಿ, ಅಲ್ಲಿನ ಬೇಸಿಗೆಯಲ್ಲಿ, ಅವರ ಮುದಿ ಕುದುರೆ ಸತ್ತಿತ್ತು, ಅವರ ಒಂದು ಮಂಡಿಗೆ ಲೋಹದ ಕೀಲು ಬಂದಿತ್ತು. ತಮ್ಮನ್ನೂ ಮಾಂಸವನ್ನೂ ಹೊರುವ ಪ್ರಾಣಿ ಇಲ್ಲದೆ ಅವರು ಹೋಗುವಂತಿರಲಿಲ್ಲ.

ಎರಡು ಪ್ರಾಣಿಗಳು ಮಾರಾಟಕ್ಕಿದ್ದವು. ಒಂದು ಫಾರ್ಮಿನಲ್ಲಿ ಕಂದು ಬಣ್ಣದ ಎತ್ತರದ ಕುದುರೆ. ಇನ್ನೊಂದರಲ್ಲಿ, ಈ ದೇಶದಲ್ಲಿ ಹುಡುಕಿದರೂ ಸಿಗದ ಹೇಸರಗತ್ತೆ. ಬೇಲಿಯ ಕಂಬ ಹೊರಲು ಯಾರೋ ಸಾಕಿಕೊಂಡಿದ್ದರಂತೆ. ಯಾವುದು ಕೊಳ್ಳುವುದೆಂದು ಮಾಲೀಕರು ವಾರಗಟ್ಟಲೆ ಯೋಚಿಸುತ್ತಿದ್ದಾಗಲೇ, ಅಮ್ಮ ಹೋದ ದುಃಖ ಆರದ ಅಪ್ಪನನ್ನು ನಾನು ಆರು ತಿಂಗಳ ವೀಸಾದಲ್ಲಿ ಕರೆಸಿಕೊಂಡೆ.

ಮನೆಗೆ ಬಂದ ಮೊದಲ ದಿನವೇ ಅಪ್ಪ ಗೋಡೆಯ ಮೇಲಿನ ಫೋಟೋ ನೋಡಿದರು. ಹತ್ತಿರ ಹೋಗಿ, ಕನ್ನಡಕ ಏರಿಸಿ, ತಮ್ಮದೇ ಕೈಯನ್ನು ದಿಟ್ಟಿಸಿದರು.

"ಫ್ರೇಮು ಚಿಕ್ಕದಾಯ್ತೇನೋ," ಅಂದರು.

ಹೂಂ ಅಪ್ಪ ಎಂದೆ. ನನ್ನ ಸುಳ್ಳಿಗೆ ನೆಪವನ್ನೂ ಅವರೇ ಹುಡುಕಿಕೊಟ್ಟರು. ಆಗಲೇ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಬಚಾವಾದೆ ಅನ್ನಿಸಿತು.

ಆ ಕೈ ಯಾವುದರ ಮೇಲಿದೆ ಎಂದು ಮಾಲೀಕರು ಹಿಂದೊಮ್ಮೆ ಕೇಳಿದ್ದಾಗ, ಅಪ್ಪನ ಕುದುರೆ ಎಂದಿದ್ದೆ. ಹಾಗಾಗಿ ಅಪ್ಪ ಬಂದದ್ದೇ ತಡ, ಮಾಲೀಕರಿಗೆ ದೇವರೇ ಸಿಕ್ಕ ಹಾಗಾಯಿತು. ಅಶ್ವದಳದ ಮನುಷ್ಯ ನೋಡಿ ಹೇಳಲಿ, ಅವರು ಯಾವುದು ಅನ್ನುತ್ತಾರೋ ಅದೇ ಎಂದು ನನಗೆ ಹೇಳಿದರು. ಇಂಗ್ಲಿಷ್ ಬಾರದ ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಬೇಟೆಗೆ ಪ್ರಾಣಿ ಬೇಕಂತೆ, ನೋಡಬೇಕಂತೆ. ಅಪ್ಪ ಮರುದಿನ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಂಟು ಗಂಟೆಗೇ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಹೋದ ಮೇಲೆ ಅವರು ಹಾಗೆ ಸಿದ್ಧವಾದದ್ದನ್ನು ನಾನು ಕಂಡಿರಲಿಲ್ಲ. ಕುಂಟುತ್ತಾ ಬಂದ ಮಾಲೀಕರನ್ನು ನೋಡಿ, ಕುದುರೆ ಕಂಡರೆ ಕಾಲು ನೋವು ಅನ್ನೋದು ಇವರಿಗೇ ಸರಿ ಕಣವ್ವ ಎಂದು ನಕ್ಕರು.

ಎರಡೂ ಕಡೆ ಅಪ್ಪ ಒಂದೇ ಕ್ರಮದಲ್ಲಿ ನೋಡಿದರು. ಹಲ್ಲು, ಗೊರಸು, ಬೆನ್ನು. ಆಮೇಲೆ ನೀರಿನ ಕಾಲುವೆಗೆ ಅಡ್ಡಲಾಗಿ ಒಂದು ಹಲಗೆ ಹಾಕಿಸಿ, ಹಗ್ಗ ಹಿಡಿದು ದಾಟಿಸಲು ನೋಡಿದರು. ಕುದುರೆ ಒಮ್ಮೆ ಬೆದರಿತು, ಹಗ್ಗ ಜಗ್ಗಿದೊಡನೆ ದಡದಡ ದಾಟಿತು. ಹೇಸರಗತ್ತೆ ಮುಂಗಾಲು ಹಲಗೆಯ ಮೇಲಿಟ್ಟು, ಒತ್ತಿ ನೋಡಿ, ಕಾಲು ವಾಪಸು ತೆಗೆದುಕೊಂಡಿತು. ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಮಾಲೀಕರೂ ಅದರ ಒಡೆಯನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಕೇಳಿ ನನಗೆ ಹಿಂದಿನ ಬೆಂಚು ನೆನಪಾಯಿತು.

ಮಾಲೀಕರು ಒಡೆಯನ ಜೊತೆ ಮಾತಾಡುತ್ತಾ ಅಲ್ಲೇ ಉಳಿದರು. ನಾವಿಬ್ಬರೇ ನನ್ನ ಕಾರಿನಲ್ಲಿ ಹಿಂದಿರುಗುವಾಗ ಅಪ್ಪ ಹೇಳಿದರು: "ಎರಡು ಕಡೆನೂ ಲಡ್ಡು ಹಿಡಿದು ಒಳಗೇ ಟೊಳ್ಳಾಗಿರೋ ಹಲಗೆನೇ ಹುಡುಕಿ ಹಾಕಿಸ್ದೆ. ಕುದುರೆ ನಿನ್ನ ಮಾತು ಕೇಳ್ತದೆ ಕಣವ್ವ. ಹೇಸರಗತ್ತೆ ದಾರಿ ಮಾತು ಕೇಳ್ತದೆ. ಬೆಟ್ಟಕ್ಕೆ ಹೋಗೋ ಮುದುಕರಿಗೆ ಅದೇ ಸರಿ ಅಂತ ಹೇಳು."

ಸಂಜೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಮಾಲೀಕರು ಬಾಗಿಲಿಗೆ ಬಂದರು, ಕೈಯಲ್ಲಿ ಹನ್ನೆರಡು ಕೋಳಿಮೊಟ್ಟೆ. ಅಪ್ಪ ಏನಂದರು ಎಂದು ಕೇಳಿದರು. ಹೇಸರಗತ್ತೆ ಎಂದರೆ, ಅಶ್ವದಳದವರಿಗೆ ಅದರ ವಿಷಯ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಇನ್ನೊಂದು ಸುಳ್ಳು ಕಟ್ಟಬೇಕು. ಅವರ ಮುಖ ನೋಡಿದರೆ ಕುದುರೆಯನ್ನೇ ಮೆಚ್ಚಿಕೊಂಡಿದ್ದಾರೆ. ಅಪ್ಪನಿಗೂ ತಾವು ಸಾಕಿದ ಜಾತಿಯ ಮೇಲೆ ಮೋಹ ಇರಬಹುದು, ಅಷ್ಟಕ್ಕೂ ಕುದುರೆಯಲ್ಲಿ ಏನು ಕೊರತೆ? ಇಷ್ಟೆಲ್ಲ ನೆಪ ನನ್ನ ತಲೆಯೊಳಗೆ ಓಡಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಕುದುರೆ ಅಂದರು, ಎಂದೆ.

ಎರಡು ದಿನದ ನಂತರ ಕುದುರೆ ಬಂದು ಬೇಲಿ ಹಾಕಿದ ಹುಲ್ಲುಗಾವಲಿನಲ್ಲಿ ಮೇಯತೊಡಗಿತು. ಅಪ್ಪ ಬೇಲಿಯ ಹತ್ತಿರ ಸುಮಾರು ಹೊತ್ತು ನಿಂತಿದ್ದು ಒಳಗೆ ಬಂದರು. ಅವರಿಗೆ ಅದೇ ಇಷ್ಟವಾಯಿತಂತೆ ಅಪ್ಪ ಎಂದೆ.

"ಹೋಗ್ಲಿ ಬಿಡು," ಅಂದರು. "ಕತ್ತೆ ಕಾಯೋನ ಮಾತು ಯಾರು ಕೇಳ್ತಾರೆ."

ಆದರೂ ಅವರು ಸುಮ್ಮನೆ ಕೂರಲಿಲ್ಲ. ದಿನಾ ಬೆಳಿಗ್ಗೆ ಆ ಕುದುರೆಯನ್ನು ಕಲ್ಲಿನ ದಾರಿಯಲ್ಲಿ ನಡೆಸಿದರು, ಹೇರು ಎರಡೂ ಕಡೆ ಸಮತೂಕ ಬರುವಂತೆ ಕಟ್ಟುವುದನ್ನು ಮಾಲೀಕರಿಗೆ ಕೈಸನ್ನೆಯಲ್ಲೇ ಕಲಿಸಿದರು. ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು ಮುದುಕರು ಚಹಾ ಕುಡಿಯುತ್ತಾ ಕೂತಿರುವುದನ್ನು ಕಿಟಕಿಯಿಂದ ನೋಡಿ, ಎಲ್ಲ ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಮಾಲೀಕರು ಹೊರಟ ದಿನ ಅಪ್ಪ ಜೀನಿನ ಪಟ್ಟಿಯನ್ನು ಮೂರು ಸಲ ಎಳೆದು ನೋಡಿದರು.

ಐದನೆಯ ದಿನ ಮಧ್ಯಾಹ್ನ ನಾನು ಡ್ಯೂಟಿಯಲ್ಲಿದ್ದೆ. ಕೆಳಗಿನ ತುರ್ತು ವಿಭಾಗದಿಂದ ಕರೆ ಬಂತು. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ತಂದ ಒಬ್ಬ ವೃದ್ಧರು, ನಿಮ್ಮವರು ಯಾರು ಎಂದು ಕೇಳಿದ್ದಕ್ಕೆ ನನ್ನ ಹೆಸರು ಹೇಳಿದ್ದಾರಂತೆ. ಇಳಿದು ಹೋಗಿ ನೋಡಿದೆ, ಮಾಲೀಕರು. ಸೊಂಟದ ಮೂಳೆ ಮುರಿದಿತ್ತು, ಮೂರು ಪಕ್ಕೆಲುಬು ಹೋಗಿದ್ದವು.

ಮರುದಿನ ಆಪರೇಷನ್ ಆಯಿತು. ಅದರ ಮರುದಿನ ಅಪ್ಪನನ್ನು ಕರೆದುಕೊಂಡು ಹೋದೆ. ನಡೆದದ್ದನ್ನು ಮಾಲೀಕರೇ ಹೇಳಿದರು. ಮಾಂಸ ಹೇರಿಕೊಂಡು ಇಳಿಯುವಾಗ, ನದಿಯ ಮೇಲಿನ ದಾರಿಯ ಒಂದು ಕಡೆ ಅಡಿಯ ಮಣ್ಣು ಮಳೆಗೆ ಕೊಚ್ಚಿಹೋಗಿತ್ತು, ಮೇಲೆ ಹುಲ್ಲಿದ್ದುದರಿಂದ ಕಾಣುತ್ತಿರಲಿಲ್ಲ. ಕುದುರೆ ಅಲ್ಲಿ ಒಮ್ಮೆ ಅನುಮಾನಿಸಿತು. ಇವರು ಹಿಮ್ಮಡಿಯಿಂದ ತಿವಿದರು. ಹೋಯಿತು. ಇಬ್ಬರೂ ಉರುಳಿದರು. ಕುದುರೆಯ ಮುಂಗಾಲುಗಳೆರಡೂ ಮುರಿದಿದ್ದವು. ತುರ್ತು ಸಂಕೇತದ ಯಂತ್ರ ಒತ್ತಿ, ಬಂದೂಕಿನ ತನಕ ತೆವಳಿಕೊಂಡು ಹೋಗಿ, ಇವರೇ ಅದರ ಹಣೆಗೆ ಗುಂಡು ಹೊಡೆದರಂತೆ. ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು.

ಆಮೇಲೆ ಅಪ್ಪನ ಕಡೆ ಕೈ ಚಾಚಿ ನನಗೆ ಹೇಳಿದರು: "ನಿನ್ನ ತಂದೆಗೆ ಹೇಳು. ಅವರು ಆರಿಸಿದ್ದು ಒಳ್ಳೆಯ ಕುದುರೆ. ನಾನು ಹೋಗು ಅಂದೆ, ಅದು ಹೋಯಿತು. ತಪ್ಪು ನನ್ನದು. ಅವರು ಮನಸ್ಸಿಗೆ ಹಚ್ಚಿಕೊಳ್ಳಬಾರದು."

"ಏನಂತವ್ವ?" ಎಂದರು ಅಪ್ಪ.

ಅಲ್ಲಿ ಇನ್ನೊಂದು ಸುಳ್ಳು ಸುಲಭವಾಗಿತ್ತು. ಬೇಗ ಹುಷಾರಾಗ್ತಾರಂತೆ ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಅದು ಹೊರಡಲಿಲ್ಲ. ಎಲ್ಲವನ್ನೂ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಫೋಟೋ, ಅಶ್ವದಳ, ಮೊಟ್ಟೆ ತಂದ ಸಂಜೆ, ಕುದುರೆ ಅಂದದ್ದು. ಹೇಳುತ್ತಾ ಅತ್ತೆ. ಮಾಲೀಕರು ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು.

ಅಪ್ಪ ಮಂಚದ ಕಂಬಿ ಹಿಡಿದು ತಲೆ ತಗ್ಗಿಸಿಕೊಂಡಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೆಲ್ಲಗೆ ಹೇಳಿದರು: "ಕುದುರೆ ಅಂದಿದ್ದು ನಾನೇ ಅಂತ ಇರ್ಲಿ. ಕ್ಷಮಿಸಬೇಕಂತೆ ಅನ್ನು. ನಾನು ಹೆಂಗಿದ್ರೂ ಊರಿಗೆ ಹೋಗೋನು. ನೀನು ಅವರ ಮನೇಲಿ ಇರೋಳು."

ಆ ಮಾತನ್ನು ನಾನು ಅನುವಾದಿಸಲಿಲ್ಲ. ಮಾಲೀಕರ ಕಡೆ ತಿರುಗಿ, ನನ್ನ ತಂದೆ ಇಪ್ಪತ್ತೆರಡು ವರ್ಷ ಸೈನ್ಯದ ಹೇಸರಗತ್ತೆಗಳನ್ನು ನಡೆಸಿದವರು, ಕುದುರೆ ಏರಿದವರಲ್ಲ ಎಂದೆ. ಅವರು ಹೇಸರಗತ್ತೆ ಅಂದಿದ್ದರು, ನಾನು ಕುದುರೆ ಅಂದೆ, ನಾಚಿಕೆಯಿಂದ ಅಂದೆ ಎಂದೆ.

ಮಾಲೀಕರು ನನ್ನನ್ನು ನೋಡಲೇ ಇಲ್ಲ. ಅಪ್ಪನನ್ನೇ ನೋಡುತ್ತಿದ್ದರು. ಆಮೇಲೆ ಒಂದು ಪ್ರಶ್ನೆ ಕೇಳಿದರು, ಅಪ್ಪನನ್ನೇ ಕೇಳು ಎಂದರು. ಆ ಜಾಗದಲ್ಲಿ ಹೇಸರಗತ್ತೆ ಇದ್ದಿದ್ದರೆ ಏನು ಮಾಡುತ್ತಿತ್ತು?

ನಾನು ಕೇಳಿದೆ. ಅಪ್ಪ ಯೋಚಿಸಲಿಲ್ಲ.

"ನಿಂತುಬಿಡ್ತಿತ್ತು," ಅಂದರು. "ತಿವಿದ್ರೂ, ಹೊಡೆದ್ರೂ. ಎಲ್ಲರೂ ಸೇರಿ ನಕ್ಕರೂ ಅದು ಕಾಲು ಇಡ್ತಿರಲಿಲ್ಲ."

ಅದನ್ನು ಒಂದಕ್ಷರ ಬಿಡದೆ ಅವರಿಗೆ ಹೇಳಿದೆ.